ಚದುರಂಗವನ್ನು ಕೊನೆಯಿಂದ ಬಿಡಿಸುವುದು: ಮೂರು ಕಾಯಿಯಿಂದ ನಾಲ್ಕು ಕಾಯಿಯವರೆಗಿನ ಕೆಲಸದ ದಾಖಲೆ

ಕಂಪ್ಯೂಟರ್ ಎಂದಾದರೂ ಚದುರಂಗವನ್ನು ಪೂರ್ತಿಯಾಗಿ ಬಿಡಿಸಬಲ್ಲುದೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಮಾತು ಬಲುಬೇಗ ಸೂಪರ್‌ಕಂಪ್ಯೂಟರ್ ಮತ್ತು ಕೃತಕ ಬುದ್ಧಿಮತ್ತೆಯ ಕಡೆಗೆ ಹೊರಳುತ್ತದೆ. ಆದರೆ ಚದುರಂಗದ ಒಂದು ತುದಿ ಈಗಾಗಲೇ ಪೂರ್ತಿ ಬಿಡಿಸಿ ಆಗಿದೆ. ಎರಡೂ ರಾಜರನ್ನು ಸೇರಿಸಿ ಬೋರ್ಡಿನ ಮೇಲೆ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿಗಳು ಉಳಿದಿದ್ದರೆ, ಕ್ಯಾಸ್ಲಿಂಗ್ (ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸುವ) ಹಕ್ಕು ಉಳಿದಿರುವ ಅಪರೂಪದ ಸ್ಥಿತಿಗಳನ್ನು ಬಿಟ್ಟು, ಪ್ರತಿಯೊಂದು ಸ್ಥಿತಿಯ ಫಲಿತಾಂಶವೂ ಕೋಷ್ಟಕಗಳಲ್ಲಿ ಸಿದ್ಧವಾಗಿದೆ. ಅಲ್ಲಿ ಊಹೆಗೆ ಜಾಗವಿಲ್ಲ; ಗೆಲುವು, ಸೋಲು, ಡ್ರಾ ಎಂಬ ಮೂರೇ ಉತ್ತರಗಳು. ಆ ಕೋಷ್ಟಕಗಳನ್ನು ಕಟ್ಟುವ ವಿಧಾನವನ್ನು ಸ್ವತಃ ಬರೆದು ಓಡಿಸುವುದು, ಒಂದೊಂದು ಕಾಯಿ ಹೆಚ್ಚಿದಾಗ ಕೆಲಸ ಎಷ್ಟು ಬೆಳೆಯುತ್ತದೆ ಎಂದು ಅಳೆಯುವುದು, ಆ ಅಳತೆಯನ್ನೇ ಹಿಡಿದು ಮೂವತ್ತೆರಡು ಕಾಯಿಗಳ ಪ್ರಶ್ನೆಗೆ ಉತ್ತರ ಹುಡುಕುವುದು ಈ ಕೆಲಸದ ಉದ್ದೇಶವಾಗಿತ್ತು. ಮಾಡಿದ ಕ್ರಮದಲ್ಲಿಯೇ, ಕೈಕೊಟ್ಟ ಕಡೆಗಳನ್ನೂ ಸೇರಿಸಿ, ಇಲ್ಲಿ ದಾಖಲಿಸಿದ್ದೇನೆ.

ಕಾಯಿಗಳ ಹೆಸರು ಊರಿಂದ ಊರಿಗೆ ಬದಲಾಗುವುದರಿಂದ ಒಂದು ಮಾತು: ಇಲ್ಲಿ ಮಂತ್ರಿ ಎಂದರೆ ಕ್ವೀನ್, ಆನೆ ಎಂದರೆ ರೂಕ್, ಒಂಟೆ ಎಂದರೆ ಬಿಷಪ್.

ಹಂತ 1: ಸಾಮಾನು ಮತ್ತು ಖರ್ಚು

ನಾಲ್ಕು ಕೋರ್‌ಗಳ, 8 ಜಿಬಿ ರ್‍ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿಯೇ ಇತ್ತು. ಕೋಷ್ಟಕಗಳನ್ನು ಇಡಲು 1 ಟಿಬಿ ಹೊರ ಎಸ್‌ಎಸ್‌ಡಿ ಕೊಂಡೆ. ಸುಮಾರು 6,500 ರೂ. ಆಯಿತು. ಸಾಕೆಟ್ಟಿಗೆ ಸಿಕ್ಕಿಸಿ ವಿದ್ಯುತ್ ಅಳೆಯುವ ಚಿಕ್ಕ ಮೀಟರಿಗೆ 900 ರೂ. ಹಿಡಿಯಿತು. ಎಲ್ಲ ಕೋರ್‌ಗಳೂ ದುಡಿಯುವಾಗ ಲ್ಯಾಪ್‌ಟಾಪ್ ಸುಮಾರು 40 ವ್ಯಾಟ್ ಎಳೆಯುತ್ತದೆ, ಅಂದರೆ ಹಗಲೂ ರಾತ್ರಿ ಓಡಿದರೆ ದಿನಕ್ಕೆ ಸುಮಾರು 1 ಯೂನಿಟ್. ಕಂಪೈಲರ್ ಮತ್ತು ಪೈಥಾನ್ ಎರಡೂ ಉಚಿತ. ಮೂರು ಮತ್ತು ನಾಲ್ಕು ಕಾಯಿಗಳ ಮಟ್ಟದಲ್ಲಿ ಇದಕ್ಕಿಂತ ಹೆಚ್ಚಿನ ಯಂತ್ರದ ಅಗತ್ಯ ಬೀಳಲಿಲ್ಲ. ನಿಜ ಹೇಳಬೇಕೆಂದರೆ ಆ ಎಸ್‌ಎಸ್‌ಡಿ ಕೂಡ ಐದು ಕಾಯಿಗಳ ಕೆಲಸಕ್ಕೆ ಮುಂಚಿತವಾಗಿ ಕೊಂಡದ್ದು.

ಹಂತ 2: ಸ್ಥಿತಿಗಳಿಗೆ ಸಂಖ್ಯೆ ಕೊಡುವುದು

ಮೊದಲಿಗೆ ಎತ್ತಿಕೊಂಡದ್ದು ಅತ್ಯಂತ ಸರಳವಾದ ಅಂತ್ಯ, ಅಂದರೆ ಕೆಲವೇ ಕಾಯಿಗಳು ಉಳಿದ ಆಟದ ಕೊನೆಯ ಘಟ್ಟ: ಬಿಳಿಯ ಬಳಿ ರಾಜ ಮತ್ತು ಒಂದು ಆನೆ, ಕಪ್ಪಿನ ಬಳಿ ಒಂಟಿ ರಾಜ. ಮೂರು ಕಾಯಿಗಳಿಗೆ ತಲಾ 64 ಮನೆ, ನಡೆ ಯಾರದು ಎಂಬುದಕ್ಕೆ ಎರಡು ಆಯ್ಕೆ. ಹೀಗೆ ಒಟ್ಟು 5,24,288 ಗೂಡುಗಳ ಒಂದು ಪಟ್ಟಿ ಸಿದ್ಧವಾಯಿತು. ಪ್ರತಿ ಗೂಡಿಗೂ ಒಂದು ಬೈಟ್. ಎರಡು ಕಾಯಿಗಳು ಒಂದೇ ಮನೆಯಲ್ಲಿರುವ, ರಾಜರಿಬ್ಬರು ಪಕ್ಕಪಕ್ಕ ನಿಂತಿರುವ, ಬಿಳಿಯ ನಡೆ ಇರುವಾಗ ಕಪ್ಪು ರಾಜನಿಗೆ ಆಗಲೇ ಚೆಕ್ (ರಾಜನ ಮೇಲಿನ ದಾಳಿ) ಬಿದ್ದಿರುವ ಗೂಡುಗಳನ್ನು ತೆಗೆದುಹಾಕಿದರೆ, ಕಪ್ಪಿನ ನಡೆಯ ಸ್ಥಿತಿಗಳು 2,23,944 ಮತ್ತು ಬಿಳಿಯ ನಡೆಯ ಸ್ಥಿತಿಗಳು 1,75,168 ಉಳಿಯಬೇಕು. ಮೊದಲನೆಯ ಸಂಖ್ಯೆಯನ್ನು ಕಾಗದದ ಮೇಲೆಯೇ ತಾಳೆ ನೋಡಬಹುದು: ಪಕ್ಕಪಕ್ಕ ಇಲ್ಲದಂತೆ ಇಬ್ಬರು ರಾಜರನ್ನು ಇಡುವ ಬಗೆಗಳು 3,612, ಉಳಿದ 62 ಮನೆಗಳಲ್ಲಿ ಆನೆ ಎಲ್ಲಿ ಬೇಕಾದರೂ ಇರಬಹುದು, ಗುಣಿಸಿದರೆ 2,23,944. ಎರಡೂ ಸಂಖ್ಯೆಗಳು ಸರಿಯಾಗಿ ಬಂದವು. ಈ ಕೆಲಸಕ್ಕೆ ಕೈ ಹಾಕುವವರು ಎಣಿಕೆ ಕೂಡದ ಹೊರತು ಮುಂದಿನ ಹಂತಕ್ಕೆ ಹೋಗಬಾರದು. ಇಲ್ಲಿ ಉಳಿದ ಒಂದು ಸಣ್ಣ ದೋಷ ಮುಂದೆ ಕೋಟಿ ಗೂಡುಗಳಿಗೆ ಹರಡುತ್ತದೆ, ಆಗ ಅದರ ಬೇರನ್ನು ಹುಡುಕುವುದು ಬಹಳ ಕಷ್ಟ.

ಹಂತ 3: ಚೆಕ್‌ಮೇಟ್ ಸ್ಥಿತಿಗಳನ್ನು ಹೆಕ್ಕುವುದು

ಹಿಂದಿನಿಂದ ಬಿಡಿಸುವ ವಿಧಾನಕ್ಕೆ ಬೀಜ ಬೇಕು, ಆ ಬೀಜವೇ ಚೆಕ್‌ಮೇಟ್. ಕಪ್ಪಿನ ನಡೆಯ ಪ್ರತಿ ಸ್ಥಿತಿಯಲ್ಲೂ ರಾಜನಿಗೆ ಚೆಕ್ ಇದೆಯೇ, ಹೋಗಲು ಒಂದಾದರೂ ಮನೆ ಇದೆಯೇ ಎಂದು ನೋಡಿ, ಚೆಕ್ ಇದ್ದು ಮನೆ ಇಲ್ಲದ ಸ್ಥಿತಿಗಳನ್ನು ಗುರುತು ಹಾಕಬೇಕು. ಇವು 216 ಸಿಗಬೇಕಿತ್ತು, ಸಿಕ್ಕಿದ್ದು 96.

ಸಿಕ್ಕಿದ 96 ಸ್ಥಿತಿಗಳನ್ನು ಒಂದೊಂದಾಗಿ ಮುದ್ರಿಸಿ ನೋಡಿದಾಗ ಎಲ್ಲದರಲ್ಲೂ ಕಪ್ಪು ರಾಜ ಮೂಲೆಯ ಮನೆಯಲ್ಲಿಯೇ ಇದ್ದ. ಅಂಚಿನ ನಡುವಿನ ಮನೆಗಳಲ್ಲಿ ಒಂದೂ ಮೇಟ್ ಇರಲಿಲ್ಲ. ಕಾರಣ ಅಲ್ಲಿಯೇ ಕಣ್ಣಿಗೆ ಬಿತ್ತು. ಮನೆಗಳ ಹೆಸರಿನಲ್ಲಿ ಅಕ್ಷರ ಎಂದರೆ ಎಡದಿಂದ ಬಲಕ್ಕೆ ಎ–ಎಚ್ ಕಂಬಸಾಲು, ಅಂಕಿ ಎಂದರೆ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು. ಆನೆ ಎ8ರಲ್ಲಿ, ಕಪ್ಪು ರಾಜ ಇ8ರಲ್ಲಿ, ಬಿಳಿ ರಾಜ ಇ6ರಲ್ಲಿ ಇದ್ದಾನೆ ಎನ್ನಿ. ಕಪ್ಪು ರಾಜ ಎಫ್8ಕ್ಕೆ ಸರಿಯಬಹುದೇ ಎಂದು ಪರೀಕ್ಷಿಸುವಾಗ ಪ್ರೋಗ್ರಾಮ್ ರಾಜನನ್ನು ಇ8ರಲ್ಲಿಯೇ ಬಿಟ್ಟು ಆನೆಯ ದಾರಿಯನ್ನು ನೋಡುತ್ತಿತ್ತು. ಇ8ರಲ್ಲಿರುವ ರಾಜನೇ ದಾರಿಗೆ ಅಡ್ಡವಾಗಿ, ಎಫ್8 ಸುರಕ್ಷಿತ ಎಂಬ ಉತ್ತರ ಬರುತ್ತಿತ್ತು. ಮೂಲೆಯಲ್ಲಿ ರಾಜನ ಬೆನ್ನ ಹಿಂದೆ ಮನೆಯೇ ಇಲ್ಲದ ಕಾರಣ ಅಲ್ಲಿನ ಮೇಟ್‌ಗಳು ಮಾತ್ರ ಸರಿಯಾಗಿದ್ದವು. ರಾಜನನ್ನು ಮೊದಲು ಬೋರ್ಡಿನಿಂದ ಎತ್ತಿ, ಆಮೇಲೆ ಹೊಸ ಮನೆಯ ಮೇಲೆ ದಾಳಿ ಇದೆಯೇ ಎಂದು ನೋಡುವಂತೆ ಮಾಡಿದ ಮೇಲೆ ಎಣಿಕೆ 216ಕ್ಕೆ ಬಂದು ನಿಂತಿತು. ಅಂಚಿನ ನಡುವಿನ 24 ಮನೆಗಳಲ್ಲಿ ತಲಾ 5, ನಾಲ್ಕು ಮೂಲೆಗಳಲ್ಲಿ ತಲಾ 24. ಕೈಯಿಂದ ಎಣಿಸಿದರೂ ಅಷ್ಟೇ ಬರುತ್ತದೆ.

ಹಂತ 4: ಹಿಂದಕ್ಕೆ ನಡೆಯುವುದು

ಮೇಟ್ ಆದ ಸ್ಥಿತಿಯಿಂದ ಬಿಳಿಯ ಕೊನೆಯ ನಡೆಯನ್ನು ವಾಪಸು ತೆಗೆದರೆ ಸಿಗುವ ಪ್ರತಿ ಸ್ಥಿತಿಯೂ ಬಿಳಿಗೆ ಒಂದೇ ನಡೆಯಲ್ಲಿ ಗೆಲುವು. ಅಲ್ಲಿಂದ ಕಪ್ಪಿನ ನಡೆಯನ್ನು ವಾಪಸು ತೆಗೆಯಬೇಕು. ಆದರೆ ಕಪ್ಪು ಸೋಲುವುದು ಅದರ ಎಲ್ಲ ನಡೆಗಳೂ ಬಿಳಿಯ ಗೆಲುವಿಗೇ ಹೋಗುವಾಗ ಮಾತ್ರ. ಇದಕ್ಕಾಗಿ ಕಪ್ಪಿನ ಪ್ರತಿ ಸ್ಥಿತಿಗೂ ಅದರ ಕಾನೂನುಬದ್ಧ ನಡೆಗಳ ಸಂಖ್ಯೆಯನ್ನು ಬರೆದಿಟ್ಟು, ಒಂದೊಂದು ನಡೆ ಸೋಲಿನದು ಎಂದು ಸಾಬೀತಾದಾಗಲೂ ಒಂದನ್ನು ಕಳೆದು, ಸೊನ್ನೆ ಮುಟ್ಟಿದಾಗ ಸೋಲು ಎಂದು ಗುರುತಿಸುವ ಪದ್ಧತಿಯನ್ನು ಬಳಸಿದೆ.

ಮೊದಲ ಓಟದಲ್ಲಿ ಎರಡು ತೊಂದರೆಗಳು ಎದುರಾದವು. ಕಪ್ಪು ರಾಜ ಎ1ರಲ್ಲಿ, ಬಿಳಿ ಆನೆ ಬಿ2ರಲ್ಲಿ, ಬಿಳಿ ರಾಜ ಸಿ3ರಲ್ಲಿ ಇದ್ದರೆ ಕಪ್ಪಿಗೆ ನಡೆಯೇ ಇಲ್ಲ, ಚೆಕ್ ಕೂಡ ಇಲ್ಲ. ಇದು ಸ್ಟೇಲ್‌ಮೇಟ್, ಅಂದರೆ ಡ್ರಾ. ಆದರೆ ಅದರ ನಡೆಗಳ ಎಣಿಕೆ ಮೊದಲಿನಿಂದಲೇ ಸೊನ್ನೆಯಾಗಿರುವುದರಿಂದ ಪ್ರೋಗ್ರಾಮ್ ಅದನ್ನು ಸೋಲಿನ ಪಟ್ಟಿಗೆ ಸೇರಿಸಿತ್ತು. ಎರಡನೆಯದು ಇದಕ್ಕಿಂತ ದೊಡ್ಡದು: ಕಪ್ಪು ರಾಜ ಕಾವಲಿಲ್ಲದ ಆನೆಯನ್ನು ಹೊಡೆಯುವ ನಡೆಯನ್ನು ಎಣಿಕೆಗೆ ಸೇರಿಸಿರಲಿಲ್ಲ. ಹೊಡೆದ ಮೇಲೆ ಎರಡು ರಾಜರು ಮಾತ್ರ ಉಳಿಯುವ ಆ ಸ್ಥಿತಿ ಈ ಕೋಷ್ಟಕದ ಹೊರಗಿನದು. ಅದರ ಕಡೆಗೆ ಹೋಗುವ ನಡೆ ಎಂದೂ ಸೋಲಿನ ನಡೆಯಾಗುವುದಿಲ್ಲ, ಹಾಗಾಗಿ ಅದನ್ನು ಎಣಿಸಿ, ಎಂದೂ ಕಳೆಯದೆ ಬಿಡಬೇಕು. ಇವೆರಡನ್ನೂ ಸರಿಪಡಿಸುವವರೆಗೆ ಆನೆಯ ಅಂತ್ಯದಲ್ಲಿ ಡ್ರಾ ಎಂಬುದೇ ಇಲ್ಲ ಎಂಬಂತೆ ಕೋಷ್ಟಕ ಕಾಣುತ್ತಿತ್ತು. ಸರಿಪಡಿಸಿದ ಮೇಲೆ ಅತಿ ಉದ್ದದ ಗೆಲುವು 16 ನಡೆಗಳದ್ದು ಎಂದು ಬಂದಿತು. ಅದು ಸರಿಯಾದ ಸಂಖ್ಯೆ.

ಹಂತ 5: ಮಡಚುವುದು, ಮತ್ತು ಇಲ್ಲದ ದೋಷದ ಹುಡುಕಾಟ

ಕಾಲಾಳು ಇಲ್ಲದಿರುವಾಗ ಬೋರ್ಡನ್ನು ತಿರುಗಿಸಿದರೂ ಕನ್ನಡಿಯಲ್ಲಿ ನೋಡಿದರೂ ಫಲಿತಾಂಶ ಬದಲಾಗುವುದಿಲ್ಲ. ಎಂಟು ಬಗೆಯ ಈ ಸಮಾನತೆಗಳನ್ನು ಒಂದಾಗಿಸಿದರೆ ರಾಜರ ಜೋಡಿಗಳು 3,612ರಿಂದ 462ಕ್ಕೆ ಇಳಿಯುತ್ತವೆ, ಕಪ್ಪಿನ ನಡೆಯ ಒಟ್ಟು ಸ್ಥಿತಿಗಳು 28,056 ಆಗುತ್ತವೆ. ಮೇಟ್ ಆಗಲು ಬಿಳಿಗೆ ಬೇಕಾದ ನಡೆಗಳ ಪ್ರಕಾರ ಅವನ್ನು ಹಂಚಿದಾಗ ಡ್ರಾ 2,796. ಸೊನ್ನೆ ನಡೆ, ಅಂದರೆ ಆಗಲೇ ಮೇಟ್ ಆಗಿರುವುದು, 27. ಒಂದು ನಡೆ 78. ಎರಡು ನಡೆ 246. ಮೂರು ನಡೆ 81. ನಾಲ್ಕು ನಡೆ 198. ಅಲ್ಲಿಂದ ಸಂಖ್ಯೆ ಏರುತ್ತಲೇ ಹೋಗಿ 14 ನಡೆಗಳಲ್ಲಿ 4,553ಕ್ಕೆ ತಲುಪಿ, 15ರಲ್ಲಿ 2,166ಕ್ಕೂ 16ರಲ್ಲಿ 390ಕ್ಕೂ ಇಳಿಯುತ್ತದೆ.

ಎರಡು ನಡೆಗೆ 246 ಇದ್ದು ಮೂರು ನಡೆಗೆ 81ಕ್ಕೆ ಕುಸಿದದ್ದು ನೋಡಿ ಪ್ರೋಗ್ರಾಮಿನಲ್ಲಿ ಇನ್ನೂ ದೋಷವಿದೆ ಎಂದೇ ಅನ್ನಿಸಿತು. ಹಿಂದಕ್ಕೆ ನಡೆಯುವ ಭಾಗವನ್ನು ಸಾಲು ಸಾಲಾಗಿ ಪರಿಶೀಲಿಸಿದರೂ ಏನೂ ಸಿಗಲಿಲ್ಲ. ಕೊನೆಗೆ ಹಿಂದಕ್ಕೆ ನಡೆಯುವ ಭಾಗವನ್ನು ಮುಟ್ಟದೆ, ಮುಂದಕ್ಕೆ ಮಾತ್ರ ಹುಡುಕುವ ಚಿಕ್ಕ ಪ್ರೋಗ್ರಾಮನ್ನು ಬೇರೆಯಾಗಿ ಬರೆದು, ಎಲ್ಲ ಸ್ಥಿತಿಗಳಿಂದಲೂ ಮೂರು ನಡೆಗಳ ಆಳಕ್ಕೆ ಹುಡುಕಿಸಿದೆ. ಅದೂ 81 ಎಂದೇ ಹೇಳಿತು. ಯಂತ್ರಕಲಿಕೆಯವರು ದಶಕಗಳಿಂದ ಬಳಸುತ್ತಿರುವ ರಾಜ–ಆನೆ–ರಾಜ ದತ್ತಾಂಶದಲ್ಲೂ ಇದೇ 28,056 ಸ್ಥಿತಿಗಳು ಇದೇ ಹಂಚಿಕೆಯಲ್ಲಿವೆ. ಕುಸಿತ ಆಟದ ಸ್ವಭಾವವೇ ಹೊರತು ಪ್ರೋಗ್ರಾಮಿನ ದೋಷವಲ್ಲ. ಈ ಹುಡುಕಾಟ ವ್ಯರ್ಥವಾಗಲಿಲ್ಲ, ಏಕೆಂದರೆ ಮುಂದಕ್ಕೆ ಹುಡುಕುವ ಆ ಪುಟ್ಟ ಪ್ರೋಗ್ರಾಮ್ ಮುಂದಿನ ಎಲ್ಲ ಹಂತಗಳಲ್ಲೂ ಪರೀಕ್ಷಕನಾಗಿ ಉಳಿಯಿತು.

ಹಂತ 6: ನಾಲ್ಕು ಕಾಯಿ, ಮಂತ್ರಿ ಮತ್ತು ಆನೆ

ಇಲ್ಲಿಂದ ಪೈಥಾನ್ ಬಿಟ್ಟು ಸಿ ಭಾಷೆಯಲ್ಲಿ ಮತ್ತೆ ಬರೆದೆ. ಬಿಳಿಗೆ ರಾಜ ಮತ್ತು ಮಂತ್ರಿ, ಕಪ್ಪಿಗೆ ರಾಜ ಮತ್ತು ಆನೆ. ಮಡಚಿದ ಕೋಷ್ಟಕದಲ್ಲಿ ಒಂದು ಬದಿಗೆ 462 × 64 × 64, ಅಂದರೆ 18,92,352 ಗೂಡುಗಳು. ಮಂತ್ರಿ ಬಿದ್ದರೆ ಅಥವಾ ಆನೆ ಬಿದ್ದರೆ ಆಟ ಮೂರು ಕಾಯಿಗಳ ಕೋಷ್ಟಕಕ್ಕೆ ಇಳಿಯುವುದರಿಂದ ಆ ಕೋಷ್ಟಕಗಳು ಮೊದಲೇ ಸಿದ್ಧವಿರಬೇಕು. ಕೆಳಗಿನ ಮಹಡಿ ಮುಗಿಯದೆ ಮೇಲಿನದನ್ನು ಕಟ್ಟುವಂತಿಲ್ಲ.

ಮೂರು ಕಾಯಿಯ ಹಂತದಲ್ಲಿ ಪೂರ್ತಿ ಬೋರ್ಡಿನ ಮೇಲೆ ಲೆಕ್ಕ ಮಾಡಿ ಆಮೇಲೆ ಮಡಚಿದ್ದೆ, ಇಲ್ಲಿ ಮೊದಲಿನಿಂದಲೇ ಮಡಚಿದ ಕೋಷ್ಟಕದ ಮೇಲೆ ಕೆಲಸ. ಆಗ ಹೊಸದೊಂದು ತೊಡಕು ಬಂದಿತು. ರಾಜರಿಬ್ಬರೂ ಎ1–ಎಚ್8 ಕರ್ಣದ ಮೇಲೆ ಇರುವಾಗ ಒಂದೇ ಸ್ಥಿತಿಗೆ ಎರಡು ಗೂಡುಗಳು ಹೊಂದುತ್ತವೆ, ಹಿಂದಕ್ಕೆ ನಡೆಯುವಾಗ ಒಂದೇ ನಡೆಯನ್ನು ಎರಡು ಬಾರಿ ಕಳೆದುಬಿಡುವ ಸಂದರ್ಭಗಳು ಹುಟ್ಟುತ್ತವೆ. ತಪ್ಪಿಸಿಕೊಳ್ಳುವ ಒಂದು ನಡೆ ಇನ್ನೂ ಬಾಕಿ ಇದ್ದ ಸ್ಥಿತಿಯೂ ಸೊನ್ನೆ ಮುಟ್ಟಿ ಸೋತದ್ದೆಂದು ದಾಖಲಾಗುತ್ತಿತ್ತು. ಅತಿ ಉದ್ದದ ಗೆಲುವು ಇರಬೇಕಾದುದಕ್ಕಿಂತ ಕಡಿಮೆಯಾಗಿ ಬರುತ್ತಿತ್ತು. ಎಣಿಕೆಯನ್ನು ಸರಿಪಡಿಸುವ ಯತ್ನಗಳು ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತಿದ್ದವು. ಕೊನೆಗೆ ಕಳೆಯುವ ಪದ್ಧತಿಯನ್ನೇ ಕೈಬಿಟ್ಟೆ. ಒಂದು ಸ್ಥಿತಿ ಸೋಲಿರಬಹುದು ಎಂಬ ಸಂದೇಹ ಬಂದಾಗ ಅದರ ಎಲ್ಲ ನಡೆಗಳನ್ನೂ ಮುಂದಕ್ಕೆ ಮತ್ತೊಮ್ಮೆ ಆಡಿ ನೋಡಿ, ಎಲ್ಲವೂ ಸೋತರೆ ಮಾತ್ರ ಗುರುತು ಹಾಕುವುದು ಹೊಸ ನಿಯಮವಾಯಿತು. ಓಟ ಕೆಲವು ಪಟ್ಟು ನಿಧಾನವಾಯಿತು, ಆದರೆ ಉತ್ತರ ಗಟ್ಟಿಯಾಯಿತು: ಅತಿ ಉದ್ದದ ಗೆಲುವು 35 ನಡೆ. ಈ ಗಾತ್ರದಲ್ಲಿ ವೇಗಕ್ಕಿಂತ ನಂಬಿಕೆಯೇ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದೇ ಅಂತ್ಯವನ್ನು ಬೆಲ್ ಲ್ಯಾಬ್ಸ್‌ನ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ 1970ರ ದಶಕದ ಕೊನೆಯಲ್ಲಿ ಬಿಡಿಸಿದ್ದರು. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ವಾಲ್ಟರ್ ಬ್ರೌನ್ ಮಂತ್ರಿಯ ಕಡೆ ಕುಳಿತು, ಕೋಷ್ಟಕದಿಂದ ಆಡುವ ಆನೆಯ ಎದುರು 50 ನಡೆಗಳ ಒಳಗೆ ಗೆಲ್ಲಲು ಮೊದಲ ಬಾರಿ ಸಾಧ್ಯವಾಗಲಿಲ್ಲ. ಅಭ್ಯಾಸ ಮಾಡಿ ಬಂದ ಮೇಲೆ ಸರಿಯಾಗಿ 50ನೇ ನಡೆಯಲ್ಲಿ ಆನೆಯನ್ನು ಹೊಡೆದರು. ನನ್ನ ಕೋಷ್ಟಕದ ಎದುರು ಮಂತ್ರಿ ಹಿಡಿದು ಕುಳಿತಾಗ ಆ ಕಷ್ಟದ ಅರ್ಥ ಚೆನ್ನಾಗಿ ತಿಳಿಯಿತು. ಪುಸ್ತಕಗಳು ಆನೆ ರಾಜನ ಪಕ್ಕದಲ್ಲೇ ಇರಬೇಕು ಎನ್ನುತ್ತವೆ. ಯಂತ್ರವಾದರೋ ಆನೆಯನ್ನು ದೂರಕ್ಕೆ ಕಳಿಸುತ್ತದೆ, ಅದನ್ನು ಚೆಕ್ ಕೊಟ್ಟು ಹಿಡಿಯುವ ದಾರಿ ಸುಲಭವಾಗಿ ಕಾಣುವುದೇ ಇಲ್ಲ.

ಹಂತ 7: ಕಾಲಾಳು ಸೇರಿದಾಗ

ರಾಜ ಮತ್ತು ಕಾಲಾಳು, ಎದುರಿಗೆ ರಾಜ ಮತ್ತು ಆನೆ. ಕಾಲಾಳು ಒಂದೇ ದಿಕ್ಕಿಗೆ ನಡೆಯುವುದರಿಂದ ಬೋರ್ಡನ್ನು ತಿರುಗಿಸುವಂತಿಲ್ಲ, ಎಡಬಲದ ಕನ್ನಡಿ ಮಾತ್ರ ಉಳಿಯುತ್ತದೆ. ಕಾಲಾಳಿಗೆ 24 ಮನೆ, ಉಳಿದ ಮೂರಕ್ಕೆ ತಲಾ 64; ಒಂದು ಬದಿಗೆ 62,91,456 ಗೂಡುಗಳು, ಅಂದರೆ ಹಿಂದಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಕಾಲಾಳು ಕೊನೆಯ ಸಾಲು ಮುಟ್ಟಿದಾಗ ಆಟ ಬೇರೆ ನಾಲ್ಕು ಕಾಯಿಯ ಕೋಷ್ಟಕಗಳಿಗೂ, ಹೊಡೆದಾಟವಾದರೆ ಮೂರು ಕಾಯಿಯ ಕೋಷ್ಟಕಗಳಿಗೂ ಹೋಗುತ್ತದೆ.

ಕೆಲಸ ಬೇಗ ಮುಗಿಯಲೆಂದು ಬಡ್ತಿಯನ್ನು (ಕೊನೆಯ ಸಾಲು ಮುಟ್ಟಿದ ಕಾಲಾಳು ಬೇರೆ ಕಾಯಿಯಾಗುವುದನ್ನು) ಮಂತ್ರಿಗೆ ಮಾತ್ರ ಸೀಮಿತಗೊಳಿಸಿ ಮೊದಲು ಓಡಿಸಿದೆ. ಪರೀಕ್ಷೆಗೆ ಹಾಕಿದ್ದು 1895ರಿಂದ ಪ್ರಸಿದ್ಧವಾಗಿರುವ ಸಾವೇದ್ರಾ ಸ್ಥಿತಿಯನ್ನು: ಬಿಳಿ ರಾಜ ಬಿ6, ಬಿಳಿ ಕಾಲಾಳು ಸಿ6, ಕಪ್ಪು ರಾಜ ಎ1, ಕಪ್ಪು ಆನೆ ಡಿ5, ನಡೆ ಬಿಳಿಯದು. ಗ್ಲಾಸ್ಗೋದಲ್ಲಿದ್ದ ಪಾದ್ರಿ ಫರ್ನಾಂಡೋ ಸಾವೇದ್ರಾ ಕಂಡುಕೊಂಡಂತೆ ಇದು ಬಿಳಿಯ ಗೆಲುವು. ಕೋಷ್ಟಕ ಡ್ರಾ ಎಂದಿತು. ಕಾಲಾಳು ಸಿ7ಕ್ಕೆ ಬರುತ್ತದೆ, ಆನೆ ಡಿ ಸಾಲಿನಲ್ಲಿ ಚೆಕ್ ಕೊಡುತ್ತ ಇಳಿಯುತ್ತದೆ, ಬಿಳಿ ರಾಜ ಬಿ5, ಬಿ4, ಬಿ3 ಎಂದು ಇಳಿದು ಸಿ2ಕ್ಕೆ ಬಂದಾಗ ಆನೆ ಡಿ4ರಲ್ಲಿ ನಿಲ್ಲುತ್ತದೆ. ಈಗ ಸಿ8ರಲ್ಲಿ ಮಂತ್ರಿ ಮಾಡಿಕೊಂಡರೆ ಆನೆ ಸಿ4ಕ್ಕೆ ಬಂದು ಚೆಕ್ ಕೊಡುತ್ತದೆ, ಮಂತ್ರಿ ಅದನ್ನು ಹೊಡೆದೊಡನೆ ಕಪ್ಪಿಗೆ ನಡೆಯಿಲ್ಲದೆ ಸ್ಟೇಲ್‌ಮೇಟ್. ಮಂತ್ರಿಯ ಬದಲು ಆನೆ ಮಾಡಿಕೊಂಡರೆ ಎ8ರಲ್ಲಿ ಮೇಟಿನ ಬೆದರಿಕೆ. ಕಪ್ಪು ಆನೆ ಎ4ಕ್ಕೆ ಬಂದು ತಡೆದರೆ ರಾಜ ಬಿ3ಕ್ಕೆ ಹೋಗಿ ಆನೆಯ ಮೇಲೂ ಸಿ1ರ ಮೇಟಿನ ಮೇಲೂ ಒಟ್ಟಿಗೆ ಕಣ್ಣಿಡುತ್ತಾನೆ. ನಾಲ್ಕೂ ಬಗೆಯ ಬಡ್ತಿಗಳನ್ನು ಸೇರಿಸಿ, ಅವುಗಳಿಗೆ ಬೇಕಾದ ಕೋಷ್ಟಕಗಳನ್ನೂ ಕಟ್ಟಿ, ಮತ್ತೆ ಓಡಿಸಿದಾಗ ಅದೇ ಗೂಡಿನಲ್ಲಿ ಗೆಲುವು ದಾಖಲಾಗಿತ್ತು, ಸಿ8ರಲ್ಲಿ ಆನೆಯೇ ಏಕೈಕ ಗೆಲ್ಲುವ ಬಡ್ತಿ ಎಂದೂ ತೋರಿತು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಆಟವನ್ನು ಪೂರ್ತಿ ಬಿಡಿಸುವಾಗ ಅಪರೂಪದ ನಡೆ ಎಂದು ಯಾವುದನ್ನೂ ಬದಿಗಿಡುವಂತಿಲ್ಲ. ಬಲವಾಗಿ ಆಡುವ ಎಂಜಿನ್ (ಚದುರಂಗ ಆಡುವ ಪ್ರೋಗ್ರಾಮ್) ಕೆಲಸಕ್ಕೆ ಬಾರದಂತೆ ಕಾಣುವ ನಡೆಗಳನ್ನು ಕತ್ತರಿಸಿ ವೇಗ ಗಳಿಸುತ್ತದೆ, ಅದು ಆಡುವುದಕ್ಕೆ ಸಾಕು. ಸಾಬೀತು ಮಾಡುವುದಕ್ಕೆ ಕತ್ತರಿಸಿದ ಕೊಂಬೆಯೊಂದೇ ಸಾಕು ಇಡೀ ಉತ್ತರ ತಲೆಕೆಳಗಾಗಲು.

ಹಂತ 8: ಹೊರಗಿನ ಕೋಷ್ಟಕದೊಂದಿಗೆ ತಾಳೆ

ರೊನಾಲ್ಡ್ ಡಿ ಮ್ಯಾನ್ 2013ರಲ್ಲಿ ಬಿಡುಗಡೆ ಮಾಡಿದ ಸಿಜಿಜಿ (Syzygy) ಎಂಬ ಹೆಸರಿನ ಕೋಷ್ಟಕಗಳಲ್ಲಿ ಮೂರರಿಂದ ಐದು ಕಾಯಿಗಳ ಭಾಗ ಒಟ್ಟು 1 ಜಿಬಿಗಿಂತ ಸ್ವಲ್ಪ ಕಡಿಮೆ. ಅದನ್ನು ಇಳಿಸಿಕೊಂಡು ನನ್ನ ನಾಲ್ಕು ಕಾಯಿಯ ಕೋಷ್ಟಕಗಳೊಂದಿಗೆ ಗೂಡು ಗೂಡಾಗಿ ಹೋಲಿಸಿದೆ. ಆ ಕೋಷ್ಟಕಗಳು ಮೇಟಿಗೆ ಎಷ್ಟು ನಡೆ ಎಂದು ಹೇಳುವುದಿಲ್ಲ. ಗೆಲುವು, ಸೋಲು, ಡ್ರಾ ಮತ್ತು ಮುಂದಿನ ಹೊಡೆತ ಅಥವಾ ಕಾಲಾಳಿನ ನಡೆಗೆ ಇರುವ ದೂರವನ್ನು ಮಾತ್ರ ಹೇಳುತ್ತವೆ. ಆದ್ದರಿಂದ ಫಲಿತಾಂಶವನ್ನಷ್ಟೇ ಹೋಲಿಸಲು ಆಯಿತು. ವ್ಯತ್ಯಾಸ ಒಂದೂ ಇರಲಿಲ್ಲ.

ಹಂತ 9: ಬೆಳವಣಿಗೆಯ ಅಳತೆ

ಈಗ ಮೂಲ ಪ್ರಶ್ನೆ. ಕಾಲಾಳಿಲ್ಲದ ಒಂದೇ ಒಂದು ಅಂತ್ಯಕ್ಕೆ, ಎರಡೂ ಬದಿ ಸೇರಿ, ಗೂಡಿಗೆ ಒಂದು ಬೈಟಿನಂತೆ ಐದು ಕಾಯಿಗೆ ಸುಮಾರು 24 ಕೋಟಿ ಬೈಟ್, ಆರು ಕಾಯಿಗೆ 1,550 ಕೋಟಿ ಬೈಟ್, ಏಳು ಕಾಯಿಗೆ ಸುಮಾರು 1 ಲಕ್ಷ ಕೋಟಿ ಬೈಟ್. ನನ್ನ ಲ್ಯಾಪ್‌ಟಾಪ್ ಐದರಲ್ಲಿ ಆರಾಮವಾಗಿರುತ್ತದೆ, ಆರರಲ್ಲಿ ರ್‍ಯಾಮ್ ಸಾಲದೆ ಡಿಸ್ಕಿಗೆ ಬೀಳುತ್ತದೆ, ಏಳರಲ್ಲಿ ಒಂದೇ ಅಂತ್ಯ ನಾನು ಕೊಂಡ ಇಡೀ ಎಸ್‌ಎಸ್‌ಡಿಯನ್ನು ನುಂಗುತ್ತದೆ. ಅಂತ್ಯಗಳ ಸಂಖ್ಯೆಯೂ ಬೆಳೆಯುತ್ತದೆ: ಮೂರು ಕಾಯಿಗೆ 5, ನಾಲ್ಕಕ್ಕೆ 30, ಐದಕ್ಕೆ 110, ಆರಕ್ಕೆ 365, ಏಳಕ್ಕೆ 1,001. ಗೂಡಿಗೆ ಒಂದು ಬೈಟ್ ಕೂಡ ಏಳರಲ್ಲಿ ಸಾಲದು. ಮಾಸ್ಕೋ ವಿಶ್ವವಿದ್ಯಾಲಯದ ಲೊಮೊನೊಸೊವ್ ಸೂಪರ್‌ಕಂಪ್ಯೂಟರಿನಲ್ಲಿ 2012ರಲ್ಲಿ ಸಿದ್ಧವಾದ ಏಳು ಕಾಯಿಯ ಕೋಷ್ಟಕಗಳಲ್ಲಿ ಅತಿ ಉದ್ದದ ಮೇಟ್ 549 ನಡೆಗಳದ್ದು, ಒಂದು ಬೈಟಿನಲ್ಲಿ ಹಿಡಿಯುವ ಸಂಖ್ಯೆ 255ರವರೆಗೆ ಮಾತ್ರ. ಆ ಕೋಷ್ಟಕಗಳು 140 ಟಿಬಿ ಜಾಗ ಹಿಡಿದವು. ಸಿಜಿಜಿಯ ಏಳು ಕಾಯಿಯ ಭಾಗ 2018ರಲ್ಲಿ ಮುಗಿದಾಗ ಸುಮಾರು 424 ಲಕ್ಷ ಕೋಟಿ ಸ್ಥಿತಿಗಳು ಸುಮಾರು 17 ಟಿಬಿಯಲ್ಲಿ ಹಿಡಿದವು. ಅಂದರೆ ಸ್ಥಿತಿಯೊಂದಕ್ಕೆ ಸರಾಸರಿ ಒಂದು ಬಿಟ್‌ನ ಮೂರನೇ ಒಂದು ಪಾಲು. ಕುಗ್ಗಿಸುವ ಕಲೆ ಇಲ್ಲಿ ಅಚ್ಚರಿ ಹುಟ್ಟಿಸುವ ಮಟ್ಟದಲ್ಲಿದೆ.

ಅದೇ ಕುಗ್ಗುವಿಕೆ ಮೂವತ್ತೆರಡು ಕಾಯಿಗಳವರೆಗೂ ಸಿಗುತ್ತದೆ ಎಂದು ಉದಾರವಾಗಿ ಒಪ್ಪಿಕೊಳ್ಳೋಣ. ಚದುರಂಗದ ಕಾನೂನುಬದ್ಧ ಸ್ಥಿತಿಗಳ ಸಂಖ್ಯೆಯನ್ನು ಕಂಪ್ಯೂಟರ್ ವಿಜ್ಞಾನಿ ಜಾನ್ ಟ್ರಾಂಪ್ 48ರ ಮುಂದೆ 43 ಸೊನ್ನೆಗಳಷ್ಟು ಎಂದು ಅಂದಾಜಿಸಿದ್ದಾರೆ. 20 ಟಿಬಿಯ ಡಿಸ್ಕುಗಳಲ್ಲಿ ತುಂಬಿದರೆ ಬೇಕಾಗುವ ಡಿಸ್ಕುಗಳು 1ರ ಮುಂದೆ 30 ಸೊನ್ನೆಗಳಷ್ಟು. ಒಂದು ಡಿಸ್ಕು ಸುಮಾರು 700 ಗ್ರಾಂ ತೂಗುತ್ತದೆ. ಎಲ್ಲವನ್ನೂ ಕೂಡಿಸಿದರೆ ಒಂದು ಲಕ್ಷಕ್ಕೂ ಹೆಚ್ಚು ಭೂಮಿಗಳ ದ್ರವ್ಯರಾಶಿ, ಸೂರ್ಯನ ದ್ರವ್ಯರಾಶಿಯ ಸುಮಾರು ಮೂರನೇ ಒಂದು ಪಾಲು. ಮುಂದೆ ಡಿಸ್ಕುಗಳು ಸಾವಿರ ಪಟ್ಟು ಹಗುರವಾದರೂ ನೂರಕ್ಕೂ ಹೆಚ್ಚು ಭೂಮಿಗಳಷ್ಟು ಉಳಿಯುತ್ತದೆ. ಪ್ರತಿಯೊಂದು ಸ್ಥಿತಿಯ ಉತ್ತರವನ್ನೂ ಬರೆದಿಡುವ ಅರ್ಥದಲ್ಲಿ ಚದುರಂಗ ಬಿಡಿಸಲ್ಪಡುವುದಿಲ್ಲ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಆದರೆ ಬಿಡಿಸುವುದಕ್ಕೆ ಇನ್ನೊಂದು, ಕಡಿಮೆ ಹಟದ ಅರ್ಥವಿದೆ: ಆರಂಭದ ಸ್ಥಿತಿಯಿಂದ ಫಲಿತಾಂಶ ಏನು, ಅದನ್ನು ಪಡೆಯಲು ಹೇಗೆ ಆಡಬೇಕು ಎಂಬುದನ್ನು ಮಾತ್ರ ಸಾಬೀತು ಮಾಡುವುದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೇಫರ್ ತಂಡ 1989ರಲ್ಲಿ ತೊಡಗಿ 2007ರಲ್ಲಿ ಚೆಕರ್ಸ್ ಎಂಬ, ಇಂಥದೇ ಬೋರ್ಡಿನ ಮೇಲೆ ಬಿಲ್ಲೆಗಳಿಂದ ಆಡುವ ಆಟವನ್ನು ಈ ಅರ್ಥದಲ್ಲಿ ಬಿಡಿಸಿತು, ಉತ್ತರ ಡ್ರಾ. ಆ ಆಟದ ಸ್ಥಿತಿಗಳು 5ರ ಮುಂದೆ 20 ಸೊನ್ನೆ. ಅವರು ನೋಡಬೇಕಾಗಿ ಬಂದದ್ದು ಸುಮಾರು 1ರ ಮುಂದೆ 14 ಸೊನ್ನೆಗಳಷ್ಟು ಲೆಕ್ಕ, ಅಂದರೆ ಸ್ಥಿತಿಗಳ ಸಂಖ್ಯೆಯ ವರ್ಗಮೂಲದ ಸುಮಾರು 4,500 ಪಟ್ಟು. ಅದೇ ಪ್ರಮಾಣವನ್ನು ಚದುರಂಗಕ್ಕೆ ಹಚ್ಚಿದರೆ 1ರ ಮುಂದೆ 26 ಸೊನ್ನೆ ಬರುತ್ತದೆ. ಸೆಕೆಂಡಿಗೆ 10 ಕೋಟಿ ಸ್ಥಿತಿ ನೋಡುವ ಒಂದು ಲಕ್ಷ ಯಂತ್ರಗಳು ಸುಮಾರು 3 ಲಕ್ಷ ವರ್ಷ ಓಡಬೇಕು. ಇದು ನನ್ನ ಒರಟು ಲೆಕ್ಕ, ಸಾಬೀತಲ್ಲ. ಆದರೂ ಡಿಸ್ಕುಗಳ ಲೆಕ್ಕಕ್ಕಿಂತ ಇದು ಬೇರೆಯೇ ಜಾತಿಯದು, ಯಂತ್ರಗಳು ಬೆಳೆದಂತೆ ಕುಗ್ಗಬಹುದಾದ ಸಂಖ್ಯೆ.

ಆ ಲೆಕ್ಕದಲ್ಲಿ ಚದುರಂಗಕ್ಕೆ ಸಿಕ್ಕಿರುವ ರಿಯಾಯಿತಿ ದೊಡ್ಡದು. ಚೆಕರ್ಸ್‌ನಲ್ಲಿ ಹೊಡೆಯುವ ಅವಕಾಶ ಬಂದರೆ ಹೊಡೆಯಲೇಬೇಕು, ಆದ್ದರಿಂದ ಆಟ ಬೇಗನೆ ಕಾಯಿ ಕಳೆದುಕೊಂಡು ಕೋಷ್ಟಕದೊಳಗೆ ಬೀಳುತ್ತದೆ. 24 ಕಾಯಿಗಳ ಆಟಕ್ಕೆ ಅವರ ಬಳಿ 10 ಕಾಯಿಗಳವರೆಗಿನ, 39 ಲಕ್ಷ ಕೋಟಿ ಸ್ಥಿತಿಗಳ ಕೋಷ್ಟಕವಿತ್ತು. ಚದುರಂಗದಲ್ಲಿ 32ಕ್ಕೆ 7 ಮಾತ್ರ, ಹೊಡೆಯಲೇಬೇಕೆಂಬ ಒತ್ತಾಯವೂ ಇಲ್ಲ. ಒತ್ತಾಯ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ಇದೇ ಬೋರ್ಡಿನ, ಇದೇ ಮೂವತ್ತೆರಡು ಕಾಯಿಗಳ ಇನ್ನೊಂದು ಆಟ ಸಾಕ್ಷಿ: ಹೊಡೆಯುವುದು ಕಡ್ಡಾಯವಾಗಿರುವ, ಎಲ್ಲ ಕಾಯಿಗಳನ್ನು ಮೊದಲು ಕಳೆದುಕೊಂಡವರು ಗೆಲ್ಲುವ ಚದುರಂಗವನ್ನು ಮಾರ್ಕ್ ವಾಟ್ಕಿನ್ಸ್ 2016ರಲ್ಲಿ ಬಿಡಿಸಿದರು, ಇ3ರಿಂದ ಆರಂಭಿಸಿದರೆ ಬಿಳಿ ಗೆಲ್ಲುತ್ತದೆ. ಹಾಗಾಗಿ ಅಡ್ಡಿ ಇರುವುದು ಬೋರ್ಡಿನ ಗಾತ್ರದಲ್ಲಷ್ಟೇ ಅಲ್ಲ. ಎರಡೂ ಕಡೆಯವರು ಹೊಡೆಯದೆ, ಕಾಯಿ ಕಳೆಯದೆ, ಕೋಷ್ಟಕದಿಂದ ದೂರ ಉಳಿದು ನೂರಾರು ನಡೆ ಕಾಯಬಲ್ಲರು ಎಂಬುದರಲ್ಲಿ ಅಡ್ಡಿಯ ಹೆಚ್ಚಿನ ಪಾಲಿದೆ. ಸಾಮಾನ್ಯ ಚದುರಂಗ ಡ್ರಾ ಎಂದು ಬಲ್ಲವರು ಬಹುಮಟ್ಟಿಗೆ ನಂಬುತ್ತಾರೆ, ನಾನೂ ನಂಬುತ್ತೇನೆ. ಆ ನಂಬಿಕೆಯನ್ನು ಸಾಬೀತಾಗಿ ಮಾರ್ಪಡಿಸುವ ದಾರಿಯೊಂದು ಸಿಗಬೇಕಾದರೆ, ಕಾಯಿಗಳು ಕಡಿಮೆಯಾಗದೆಯೇ ಡ್ರಾ ಎಂದು ಖಚಿತವಾಗಿ ಹೇಳಬಲ್ಲ ಸ್ಥಿತಿಗಳ ದೊಡ್ಡ ಗುಂಪುಗಳನ್ನು ಗುರುತಿಸುವ ವಿಧಾನ ಬೇಕು. ಹೆಚ್ಚು ವೇಗದ ಎಂಜಿನ್‌ಗಳಿಂದ ಅದು ತಾನಾಗಿ ಬರುವುದಿಲ್ಲ.

ಹಂತ 10: ಬಾಕಿ ಕೆಲಸ

ಮುಂದಿನದು ಎರಡು ಒಂಟೆಗಳು ಒಂದು ಕುದುರೆಯ ವಿರುದ್ಧ. ಶತಮಾನಕ್ಕೂ ಹೆಚ್ಚು ಕಾಲ ಡ್ರಾ ಎಂದು ನಂಬಿದ್ದ ಈ ಅಂತ್ಯ ಸಾಮಾನ್ಯವಾಗಿ ಗೆಲುವು, ಆದರೆ 66 ನಡೆಗಳವರೆಗೆ ಹಿಡಿಯಬಹುದು ಎಂದು ಥಾಂಪ್ಸನ್ 1980ರ ದಶಕದಲ್ಲಿ ತೋರಿಸಿದರು. ಒಂದು ಬದಿಗೆ ಸುಮಾರು 12.1 ಕೋಟಿ ಗೂಡುಗಳು. ಎರಡು ಒಂಟೆಗಳನ್ನು ಅದಲುಬದಲು ಮಾಡಿದರೂ ಸ್ಥಿತಿ ಒಂದೇ ಆಗಿರುವುದರಿಂದ ಅದನ್ನು ಅರ್ಧಕ್ಕೆ ಇಳಿಸಬಹುದು. ಥಾಂಪ್ಸನ್ ಎಣಿಸಿದ್ದು ಕುದುರೆಯನ್ನು ಹೊಡೆಯುವವರೆಗಿನ ನಡೆಗಳನ್ನು, ನನ್ನ ಪ್ರೋಗ್ರಾಮ್ ಎಣಿಸುವುದು ಮೇಟ್‌ವರೆಗಿನ ನಡೆಗಳನ್ನು. 66 ಎಂಬ ಸಂಖ್ಯೆಯೊಂದಿಗೆ ತಾಳೆ ನೋಡಬೇಕಾದರೆ ಪ್ರತಿ ಗೂಡಿಗೂ ಇನ್ನೊಂದು ಬೈಟ್ ಸೇರಿಸಿ, ಹೊಡೆತದಲ್ಲಿ ಮುಗಿಯುವ ಗೆಲುವುಗಳನ್ನು ಸೊನ್ನೆಯಿಂದ ಎಣಿಸುವ ಎರಡನೆಯ ಓಟವನ್ನು ಬರೆಯಬೇಕಾಗಿದೆ.